ಶಾಯಿ ಲೇಪದ ನಂತರ ಬೆಳ್ಳಗಾದ ಬಾಕ್ಸ್‌ಕಾರ್

ಮಾದರಿ ರೈಲಿನ ಬಾಕ್ಸ್‌ಕಾರ್ (ಮುಚ್ಚಿದ ಸರಕು ಬೋಗಿ) ಹಳೆಯದಾಗಿ ಕಾಣಲೆಂದು ಶಾಯಿ ಹಚ್ಚಿದ ಮೇಲೆ ಬೆಳ್ಳಗಾದದ್ದೇಕೆ ಎಂದು ಕೇಳಿದ್ದೀರಿ. ಲ್ಯಾಕರ್ ಮ್ಯಾಟ್ ವಾರ್ನಿಷ್‌ನ (ಹೊಳಪಿಲ್ಲದ ರಕ್ಷಣಾ ಲೇಪದ) ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬೆರೆಸಿದ ಇಂಡಿಯಾ ಇಂಕ್ (ಕಪ್ಪು ಶಾಯಿ) ಹಚ್ಚಿದ್ದರಿಂದಲೇ ನಿಮ್ಮ 1:87 ಅಳತೆಯ ಬಾಕ್ಸ್‌ಕಾರಿನ ಮೇಲೆ ಬೂದಿ ಬಳಿದಂತಹ ಬಿಳುಪು ಮೂಡಿರುವ ಸಾಧ್ಯತೆ ಹೆಚ್ಚು. ಆಲ್ಕೋಹಾಲ್ ವಾರ್ನಿಷ್‌ನ ಪದರವನ್ನು ಮಾತ್ರ ಮಬ್ಬಾಗಿಸುತ್ತದೆ, ಅಡಿಯ ಬಣ್ಣ ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಉಜ್ಜಲು ಹೋಗಬೇಡಿ.

ಮೊದಲು ಒಂದು ದಿನ ಪೂರ್ತಿ ಒಣಗಲು ಬಿಡಿ. ಬಳಿಕ ಬಿಳುಪೇರಿದ ಒಂದು ಮೂಲೆಯ ಮೇಲೆ ಅದೇ ವಾರ್ನಿಷ್ಷನ್ನು ತೆಳುವಾಗಿ ಸಿಂಪಡಿಸಿ ನೋಡಿ. ಮಬ್ಬು ಕರಗಿ ಶಾಯಿಯ ಗೆರೆಗಳು ಮತ್ತೆ ಕಂಡರೆ ಉಳಿದ ಭಾಗಕ್ಕೂ ಹಾಗೆಯೇ ಮಾಡಿ. ಬಿಸಿಲಿಗೆ ಮಾಸಿದ ಬಣ್ಣವನ್ನು ತೋರಿಸಲು ಈ ಬಿಳುಪನ್ನೇ ಬೇಕೆಂದು ಬರಿಸುವವರೂ ಇದ್ದಾರೆ, ಹಾಗಾಗಿ ಚಾವಣಿಯಲ್ಲಿ ಸ್ವಲ್ಪ ಉಳಿಸಿಕೊಂಡರೆ ತಪ್ಪಿಲ್ಲ.

ಶಾಯಿ ಹಚ್ಚುವ ಮೊದಲೇ ಮಬ್ಬಿದ್ದಿದ್ದರೆ ಕಾರಣ ಗಾಳಿಯ ತೇವವಿರಬಹುದು. ಆಗ ಒಣ ಹವೆಯ ದಿನಕ್ಕಾಗಿ ಕಾದು ಸಿಂಪಡಿಸಿ. ತುಕ್ಕು ಹಿಡಿದಂತೆ ತೋರಿಸುವ ಬಣ್ಣದ ಪುಡಿ ವಾರ್ನಿಷ್ ಬಿದ್ದೊಡನೆ ಬಹುಪಾಲು ಮಸುಕಾಗುವುದರಿಂದ ಅದನ್ನು ಕೊನೆಗೆ ಹಚ್ಚಿ. ಮುಂದಿನ ಬಾಕ್ಸ್‌ಕಾರಿಗೆ ಶಾಯಿ ಮೊದಲು, ವಾರ್ನಿಷ್ ನಂತರ. ಆದರೆ ಅದರ ಮೂಲ ಬಣ್ಣ ಅಕ್ರಿಲಿಕ್ ಆಗಿದ್ದರೆ ಆಲ್ಕೋಹಾಲ್ ಅದನ್ನೂ ಕಿತ್ತು ಎಬ್ಬಿಸಬಹುದಾದ ಕಾರಣ ಅಡಿಭಾಗದಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ.