ಸಿಮ್‌ಲಿಂಕ್ ಬರೆಯುವುದು ಸುಲಭ, ಹಿಂಬಾಲಿಸುವುದೇ ಕೆಲಸ

ಕಲಿಕೆಗೆಂದು ಇರುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಎಕ್ಸ್‌ವಿ6ಗೆ ಸಿಮ್‌ಲಿಂಕ್ (ಇನ್ನೊಂದು ಫೈಲಿನ ದಾರಿಯನ್ನಷ್ಟೇ ಹಿಡಿದಿರುವ ಫೈಲ್) ಸೇರಿಸಿದ್ದೇನೆ. ತನ್ನನ್ನೇ ತೋರಿಸುವ ಲಿಂಕ್ ತೆರೆದರೆ, ಹಿಂಬಾಲಿಕೆಗೆ ಹತ್ತರ ಮಿತಿ ಹಾಕಿದ್ದರೂ, ಪ್ಯಾನಿಕ್ (ಕರ್ನಲ್ ಕೈಚೆಲ್ಲುವಾಗ ಕೊಡುವ ದೋಷ ಸಂದೇಶ) ಕೂಡ ಬರದೆ ನಿಂತುಬಿಡುತ್ತದೆ. ಇನ್ನೊಂದು ಡೈರೆಕ್ಟರಿಯಿಂದ ತೆರೆದರೆ ಫೈಲೇ ಇಲ್ಲ ಅನ್ನುತ್ತದೆ. ಯಾಕೆ? (ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿ)

ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಂದ ಪದೇ ಪದೇ ಬರುವ ಪ್ರಶ್ನೆ ಇದು. ಸಿಸ್ಟಮ್ ಕಾಲ್ ನಂಬರ್ ಸೇರಿಸುವುದು, ಟಿ_ಸಿಮ್‌ಲಿಂಕ್ ಎಂಬ ಹೊಸ ಫೈಲ್ ಬಗೆ ಕೊಡುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಹೇಳುತ್ತೇನೆ. ರೆಡಿಮೇಡ್ ಪ್ಯಾಚ್ ಮಾರುವ ಪ್ರಾಜೆಕ್ಟ್ ಅಂಗಡಿಗಳ ಬಳಿ ಮಾತ್ರ ಹೋಗಬೇಡಿ. ಈ ಎರಡು ತಪ್ಪುಗಳನ್ನೂ ಅವರು ಸೇರಿಸಿಯೇ ಕೊಡುತ್ತಾರೆ.

ಮೊದಲು, ನಿಂತುಬಿಡುವುದು. ಫೈಲ್ ತೆರೆಯುವ ಸಿಸ್_ಓಪನ್ ಒಳಗೆ ಲಿಂಕ್‌ನ ಐನೋಡಿಗೆ (ಫೈಲಿನ ವಿವರ ಇರುವ ದಾಖಲೆ) ಐಲಾಕ್ ಮೂಲಕ ಬೀಗ ಹಾಕಿ, ರೀಡ್‌ಐ ಮೂಲಕ ದಾರಿಯನ್ನು ಓದಿ, ಬೀಗ ಬಿಡದೆ, ದಾರಿಯಿಂದ ಐನೋಡ್ ಹುಡುಕುವ ನೇಮ್‌ಐ ಕರೆದಿದ್ದೀರಿ. ಲಿಂಕ್ ತನ್ನನ್ನೇ ತೋರಿಸುವುದರಿಂದ ನೇಮ್‌ಐ ಅದೇ ಐನೋಡನ್ನು ಕೊಡುತ್ತದೆ. ಮುಂದಿನ ಐಲಾಕ್, ನಿಮ್ಮದೇ ಪ್ರೋಸೆಸ್ ಹಿಡಿದಿರುವ ಸ್ಲೀಪ್‌ಲಾಕ್‌ಗಾಗಿ ನಿದ್ದೆ ಹೋಗುತ್ತದೆ. ಎಬ್ಬಿಸುವವರು ಯಾರೂ ಇಲ್ಲ. ಮಿತಿಯ ಲೆಕ್ಕ ಎರಡನೇ ಸುತ್ತಿಗೇ ನಿಂತಿರುತ್ತದೆ, ಹತ್ತಕ್ಕೆ ಮುಟ್ಟುವುದಾದರೂ ಹೇಗೆ? ಬಿಗಿನ್_ಆಪ್‌ನಿಂದ ಶುರುವಾದ ಕೆಲಸ ಮುಗಿಯದ್ದರಿಂದ, ಡಿಸ್ಕ್ ಬರಹಗಳನ್ನು ಕೂಡಿಡುವ ಲಾಗ್ ಕೂಡ ಕಮಿಟ್ ಆಗದೆ, ಸ್ವಲ್ಪ ಹೊತ್ತಿನಲ್ಲಿ ಉಳಿದ ಪ್ರೋಸೆಸ್‌ಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ದಾರಿಯನ್ನು ಬಫರಿಗೆ ಓದಿಕೊಂಡು, ಕೊನೆಗೆ ಸೊನ್ನೆ ಬೈಟ್ ಹಾಕಿ, ಬೀಗ ಮತ್ತು ರೆಫರೆನ್ಸ್ ಎರಡನ್ನೂ ಬಿಡುವ ಐಅನ್‌ಲಾಕ್‌ಪುಟ್ ಮಾಡಿ, ಆಮೇಲೆ ನೇಮ್‌ಐ ಕರೆಯಿರಿ. ಸೋತು ಹೊರಬರುವ ಪ್ರತಿ ದಾರಿಯಲ್ಲೂ, ಬಿಗಿನ್_ಆಪ್ ಶುರುಮಾಡಿದ್ದನ್ನು ಮುಗಿಸುವ ಎಂಡ್_ಆಪ್ ಇರಲೇಬೇಕು.

ಎರಡನೆಯದು, ಇನ್ನೊಂದು ಡೈರೆಕ್ಟರಿಯಿಂದ ಫೈಲ್ ಸಿಗದಿರುವುದು, ಇನ್ನೂ ಮುಖ್ಯ. /ತೋಟ/ಇಂದು ಎಂಬ ಲಿಂಕ್ ಒಳಗೆ "ದರ" ಎಂದಷ್ಟೇ ಬರೆದಿದ್ದರೆ, ಅದರ ಅರ್ಥ /ತೋಟ/ದರ. "ಇಲ್ಲಿಂದ ಮೂರನೇ ಮನೆ" ಎಂಬ ಚೀಟಿಯನ್ನು ಅಂಟಿಸಿದ ಗೋಡೆಯಿಂದ ಎಣಿಸಬೇಕೇ ಹೊರತು ಓದುವವನ ಮನೆಯಿಂದಲ್ಲ. ಎಕ್ಸ್‌ವಿ6ನ ನೇಮ್‌ಐ ಮಾತ್ರ ಸ್ಲ್ಯಾಶ್‌ನಿಂದ ಶುರುವಾಗದ ದಾರಿಯನ್ನೆಲ್ಲ ಪ್ರೋಸೆಸ್ಸಿನ ಈಗಿನ ಡೈರೆಕ್ಟರಿಯಿಂದಲೇ ಹುಡುಕುತ್ತದೆ. ಸಿಸ್_ಓಪನ್‌ಗೆ ಎಷ್ಟು ತೇಪೆ ಹಾಕಿದರೂ ಇದು ಪೂರ್ತಿ ಸರಿಯಾಗದು. ಪ್ರೋಗ್ರಾಂ ಓಡಿಸುವ ಎಕ್ಸೆಕ್, ಡೈರೆಕ್ಟರಿ ಬದಲಿಸುವ ಚ್‌ಡಿರ್ ಎರಡೂ ನೇಮ್‌ಐ ಅನ್ನೇ ನೇರ ಕರೆಯುತ್ತವೆ, ಅವು ಸೋಲುತ್ತಲೇ ಇರುತ್ತವೆ. ದಾರಿಯ ನಡುವೆ ಲಿಂಕ್ ಬಂದರೂ, ನೇಮ್‌ಐ ಪರವಾಗಿ ಒಂದೊಂದೇ ಹೆಸರು ನಡೆಯುವ ನೇಮ್‌ಎಕ್ಸ್ "ಡೈರೆಕ್ಟರಿಯಲ್ಲ" ಎಂದು ಹಿಂತಿರುಗುತ್ತದೆ.

ಕೆಲಸವನ್ನು ನೇಮ್‌ಎಕ್ಸ್ ಒಳಗೇ ಮಾಡಿ. ಡೈರೆಕ್ಟರಿಯಲ್ಲಿ ಹೆಸರು ಹುಡುಕುವ ಡಿರ್‌ಲುಕಪ್ ಕೊಟ್ಟ ಐನೋಡ್ ಲಿಂಕ್ ಆಗಿದ್ದರೆ, ಅದರೊಳಗಿನ ದಾರಿ, ಒಂದು ಸ್ಲ್ಯಾಶ್, ಉಳಿದ ದಾರಿ ಇಷ್ಟನ್ನೂ ಹೊಸ ಬಫರಿನಲ್ಲಿ ಜೋಡಿಸಿ. ಮೊತ್ತ 128 ಬೈಟ್ ಮೀರಿದರೆ ಸೋಲಿಸಿ, ಕತ್ತರಿಸಿ ಮುಂದುವರಿಯಬೇಡಿ. ಹೊಸ ದಾರಿ ಸ್ಲ್ಯಾಶ್‌ನಿಂದ ಶುರುವಾದರೆ ರೂಟ್‌ನಿಂದ, ಇಲ್ಲದಿದ್ದರೆ ಈಗ ನಿಂತಿರುವ ಡೈರೆಕ್ಟರಿಯಿಂದಲೇ ನಡೆಯಿರಿ. ಅದಕ್ಕಾಗಿ ಆ ಡೈರೆಕ್ಟರಿಯ ಬೀಗ ಬಿಡಿ, ರೆಫರೆನ್ಸ್ ಇಟ್ಟುಕೊಳ್ಳಿ. ಐಅನ್‌ಲಾಕ್‌ಪುಟ್ ಮಾಡಿದರೆ ಅದೂ ಹೋಗುತ್ತದೆ. ಹಿಂಬಾಲಿಕೆಯ ಲೆಕ್ಕ ಇಡೀ ನಡಿಗೆಗೆ ಒಂದೇ ಇರಲಿ. ಲಿನಕ್ಸ್ ಹೀಗೇ ಮಾಡುತ್ತದೆ, ಮಿತಿ 40, ಮೀರಿದರೆ ಇ-ಲೂಪ್ ದೋಷ. ಕೊನೆಯ ಹೆಸರನ್ನು ಹಿಂಬಾಲಿಸಬೇಕೋ ಬೇಡವೋ ಎಂಬುದಕ್ಕೆ ಒಂದು ಫ್ಲ್ಯಾಗ್ ಕೊಡಿ. ಓಪನ್‌ಗೆ ಬೇಕು, ಅನ್‌ಲಿಂಕ್‌ಗೆ ಬೇಡ. ಅದು ಅಳಿಸಬೇಕಾದ್ದು ಲಿಂಕನ್ನೇ.

ದಾರಿಯನ್ನು ಐನೋಡಿನಲ್ಲೇ ಇಟ್ಟು ಬ್ಲಾಕ್ ಉಳಿಸುವ ಆಸೆ ಬಂದರೆ ನಿಧಾನಿಸಿ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಹೀಗೇ ಮಾಡುತ್ತದೆ: ಬ್ಲಾಕ್ ಸಂಖ್ಯೆಗಳಿಗೆಂದು ಇರುವ 60 ಬೈಟ್‌ಗಳಲ್ಲೇ 59 ಅಕ್ಷರದವರೆಗಿನ ಇಂಗ್ಲಿಷ್ ದಾರಿ ಕೂರುತ್ತದೆ. ಎಕ್ಸ್‌ವಿ6ನಲ್ಲಿ ಆ ಜಾಗ 13 ಸಂಖ್ಯೆ, 52 ಬೈಟ್. ಆದರೆ ಲಿಂಕ್ ಅಳಿಸಿದಾಗ, ಫೈಲಿನ ಬ್ಲಾಕ್‌ಗಳನ್ನು ಬಿಡುವ ಐಟ್ರಂಕ್ ನಿಮ್ಮ ಅಕ್ಷರಗಳನ್ನೇ ಬ್ಲಾಕ್ ಸಂಖ್ಯೆ ಎಂದು ಓದಿ ಬಿಡುಗಡೆ ಮಾಡಲು ಹೊರಡುತ್ತದೆ. ಅಲ್ಲಿ ಬಗೆ ನೋಡುವ ಒಂದು ಸಾಲು ಸೇರಿಸದೆ ಡಿಸ್ಕ್ ಮುಟ್ಟಲೇಬೇಡಿ.

ಲಿಂಕ್ ಮಾಡಿಟ್ಟರೆ ಬ್ಯಾಕಪ್ ಆದಂತೆಯೇ? (ಕಡೂರು)

ಇಲ್ಲ. ಮೂಲ ಅಳಿಸಿದರೆ ಉಳಿಯುವುದು ಬರೀ ಹೆಸರು.

ಲಿಂಕ್‌ಗೆ ಎಲ್ಲರಿಗೂ ಅನುಮತಿ ಇದೆ ಎಂದು ಕಾಣುತ್ತದೆ. ಆದರೂ ತೆರೆಯದಿದ್ದಾಗ, ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಚ್‌ಮೋಡ್ 777 ಹೊಡೆ ಎಂದರು. (ಚಿಕ್ಕಮಗಳೂರು)

ಅಂಥವರ ಮಾತು ಕೇಳಬೇಡಿ. ಲಿಂಕ್ ಹಿಂಬಾಲಿಸುವಾಗ ಲಿನಕ್ಸ್ ಅದರ ಸ್ವಂತ ಅನುಮತಿಯನ್ನು ನೋಡುವುದೇ ಇಲ್ಲ. ಚ್‌ಮೋಡ್ ಹೋಗಿ ಬೀಳುವುದು ಮೂಲ ಫೈಲಿನ ಮೇಲೆ, ಅದನ್ನೇ ಊರಿಗೆಲ್ಲ ತೆರೆದಿಟ್ಟಂತಾಗುತ್ತದೆ. ದಾರಿಯಲ್ಲಿರುವ ಡೈರೆಕ್ಟರಿಗಳ ಎಕ್ಸಿಕ್ಯೂಟ್ ಅನುಮತಿ ನೋಡಿ.

ಪೆನ್‌ಡ್ರೈವ್‌ನಲ್ಲಿ ಲಿಂಕ್ ಮಾಡಲು ಆಗುತ್ತಿಲ್ಲ. (ಬೇಲೂರು)

ಅದು ಬಹುಶಃ ಫ್ಯಾಟ್32. ಆ ಫೈಲ್‌ಸಿಸ್ಟಮ್‌ನಲ್ಲಿ ಸಿಮ್‌ಲಿಂಕ್ ಇಲ್ಲ.

ರೀಡ್‌ಲಿಂಕ್ (ಲಿಂಕ್ ಒಳಗಿನ ದಾರಿ ಓದುವ ಕರೆ) ಕೊಟ್ಟ ಹೆಸರಿನ ಕೊನೆಗೆ ಕಸ ಅಂಟಿಕೊಂಡಿರುತ್ತದೆ. (ಸಕಲೇಶಪುರ)

ರೀಡ್‌ಲಿಂಕ್ ಕೊನೆಯ ಸೊನ್ನೆ ಬೈಟ್ ಹಾಕುವುದಿಲ್ಲ. ಬಫರ್ ಅಳತೆಗಿಂತ ಒಂದು ಕಡಿಮೆ ಕೊಟ್ಟು ಕರೆಯಿರಿ, ಉತ್ತರ ಋಣಸಂಖ್ಯೆಯಲ್ಲ ಎಂದು ನೋಡಿಕೊಂಡು, ಅದು ಹೇಳಿದ ಉದ್ದದಲ್ಲಿ ಸೊನ್ನೆಯನ್ನು ನೀವೇ ಇಡಿ.