ಪಾಸ್‌ಪೋರ್ಟ್ ಬದಲಾಯಿಸೋದು ಅಮ್ಮನಿಗೆ ಮೋಸವಾ?

ತಮ್ಮಾ, ಮ್ಯೂನಿಕ್‌ಗೆ ಬಂದು ನಾಲ್ಕು ವರ್ಷ ಆಯ್ತು, ಇದೂ ಬೇಕು, ಊರೂ ಬೇಕು, "ಜರ್ಮನ್ ಪೌರತ್ವ ತಗೊಂಡ್ರೆ ಅಮ್ಮನಿಗೆ ಮೋಸ ಮಾಡಿದ ಹಾಗಲ್ವಾ ಅಕ್ಕ?" ಅಂತ ಕೇಳಿದ್ದೀಯ.

ಮೊದಲು ಕಾನೂನಿನ ಮಾತು ಮುಗಿಸ್ತೀನಿ. 2024ರ ಜೂನ್ 27ರಿಂದ ಜರ್ಮನಿ ಹಳೇ ಪೌರತ್ವ ಬಿಡು ಅನ್ನಲ್ಲ, ಎಂಟು ವರ್ಷದ ವಾಸ ಐದಕ್ಕೆ ಇಳಿದಿದೆ. ಬಿಡಿಸೋದು ನಮ್ಮ ದೇಶವೇ. 1955ರ ಪೌರತ್ವ ಕಾಯ್ದೆ ಪ್ರಕಾರ ಇನ್ನೊಂದು ಬಂತು ಅಂದ್ರೆ ನಮ್ಮದು ಹೋಯ್ತು. ಜರ್ಮನ್ ಪೌರತ್ವದ ಪರೀಕ್ಷೆಗೆ ಹೆದರಬೇಡ, 33 ಪ್ರಶ್ನೆಯಲ್ಲಿ 17 ಸರಿ ಇದ್ರೆ ಪಾಸು. ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡೋ ಓಸಿಐ ಕಾರ್ಡ್ ಮಾಡಿಸ್ಕೋಬಹುದು, ಆದ್ರೆ ವೋಟು ಇಲ್ಲ. ಇದೊಂದು ನನಗೆ ಇವತ್ತಿಗೂ ಚುಚ್ಚುತ್ತೆ. ಆಮೇಲೆ ಊರಲ್ಲಿ ತೋಟ ಕೊಳ್ಳೋಕಾಗಲ್ಲ ಅಂತ ಹೆದರಿಸೋರು ಸಿಗ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಕೊಂಡ ಎನ್‌ಆರ್‌ಐಗೂ ಕೃಷಿ ಜಮೀನು ಕೊಳ್ಳೋಕೆ ಬಿಡಲ್ಲ ಅಂತ ಅವರಿಗೆ ಹೇಳು. ಅಪ್ಪನಿಂದ ಬರೋ ಪಾಲು ಎನ್‌ಆರ್‌ಐಗೂ ಬರುತ್ತೆ, ಓಸಿಐ ಇರೋರಿಗೂ ಬರುತ್ತೆ.

ಇನ್ನು ಮೋಸದ ಮಾತು. ನಾನು ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಗ್ಗೆ ಚಟ್ನಿಗೆ ಮಿಕ್ಸಿ ಹಾಕಿದೆ. ಕೆಳಗಿನ ಮನೆ ಅಜ್ಜಿ ಬಂದು ಬೆಲ್ ಒತ್ತಿ, ಇವತ್ತು ರೂಹೆಟಾಗ್, ಅಂದ್ರೆ ವಿಶ್ರಾಂತಿ ದಿನ, ಸದ್ದು ಮಾಡಬಾರದು ಅಂದ್ರು. ಚಟ್ನಿಗೂ ಪಂಚಾಂಗ ನೋಡಬೇಕಾದ ಇದೆಂಥ ಊರು ಅಂತ ಅತ್ತಿದ್ದೆ. ಎಷ್ಟೋ ವರ್ಷ ಆದ ಮೇಲೆ ತಿಪಟೂರಿಗೆ ಹೋಗಿದ್ದಾಗ, ಬೆಳಗಿನ ಜಾವ ಐದಕ್ಕೆ ಗುಡಿ ಮೈಕು ಶುರುವಾಯ್ತು. ಗೊಣಗಿಕೊಂಡು ಎದ್ದು ಕಿಟಕಿ ಹಾಕಿದೆ. ಅಮ್ಮ ಮಲಗಿದ್ದಲ್ಲಿಂದಲೇ, "ಏನೇ, ಹುಟ್ಟಿದಾಗಿಂದ ಕೇಳಿದ ಸುಪ್ರಭಾತ ಈಗ ಗಲಾಟೆ ಆಯ್ತಾ?" ಅಂದ್ರು.

ಆವಾಗ ನನ್ನ ಬ್ಯಾಗಲ್ಲಿ ಇದ್ದದ್ದು ಭಾರತದ ಪಾಸ್‌ಪೋರ್ಟೇ ಕಣೋ. ಮೋಸ ಅನ್ನೋದಾದ್ರೆ ಆ ಕಿಟಕಿ ಹಾಕಿದಾಗಲೇ ಆಗಿಹೋಗಿತ್ತು. ಇಲ್ಲಿಗೆ ವಾಪಸ್ ಬಂದು ಮೊದಲ ಭಾನುವಾರ ಆ ನಿಶ್ಶಬ್ದ ತಡೆಯೋಕಾಗದೆ ಅದೇ ಸುಪ್ರಭಾತ ಫೋನಲ್ಲಿ ಹಾಕ್ಕೊಂಡೆ, ಸಣ್ಣ ದನಿಯಲ್ಲಿ, ಅಜ್ಜಿಗೆ ಕೇಳಿಸದ ಹಾಗೆ.

ಕೊನೆಗೆ ನಾನೂ ಬದಲಾಯಿಸಿದೆ. ರದ್ದು ಮುದ್ರೆ ಬಿದ್ದ ಹಳೇ ಪಾಸ್‌ಪೋರ್ಟ್ ಅಮ್ಮನಿಗೆ ತೋರಿಸೋಕೆ ಕೈ ನಡುಗ್ತಿತ್ತು. ಅವರು ಕನ್ನಡಕ ಹಾಕ್ಕೊಂಡು ಮುದ್ರೆ ಬಿಟ್ಟು ಫೋಟೋ ನೋಡಿದ್ರು. "ಇದ್ರಲ್ಲಿ ನಿಂಗೆ ಜಡೆ ಇತ್ತು" ಅಂದ್ರು. ಆಮೇಲೆ ಟ್ರಂಕು ತೆಗೆದು, ನನ್ನ ಜಾತಕದ ಜೊತೆ ಇಟ್ಟುಬಿಟ್ಟರು.