ಟೀಚರ್‌ಗೂ ಒಂದು ಜೊತೆ ಗಂಬೂಟು

ಸಾಗರ ಕಡೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಹೇಳಿ, ಬರೆದಿದ್ದಾರೆ: "ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದ ಕಾಡಿನ ಅಂಚಿನಲ್ಲಿ ಎರಡು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದೇನೆ. 22 ಮಕ್ಕಳು, 4 ಟೀಚರ್. ಮಕ್ಕಳು ಹೊರಗೇ ಆಡುತ್ತಾ ಕಲಿಯಲಿ ಅಂತ ಆಸೆ. ಎಲ್ಲ ಮಕ್ಕಳಿಗೂ ರೇನ್‌ಕೋಟು, ಗಂಬೂಟು ತರಿಸಿದ್ದೇನೆ. ಆದರೆ ಟೀಚರ್‌ಗಳಿಗೆ, ಎಲ್ಲರೂ ಇಲ್ಲೇ ಹುಟ್ಟಿ ಬೆಳೆದವರಾದರೂ, ಕಾಡೆಂದರೆ ಭಯ. ದಿನವಿಡೀ 'ಹತ್ಬೇಡ, ಮುಟ್ಬೇಡ.' ನಾಲ್ಕು ಹನಿ ಬಿದ್ದರೆ ಎಲ್ಲರನ್ನೂ ಒಳಗೆ ಓಡಿಸುತ್ತಾರೆ. ವಿದೇಶದ ವಿಡಿಯೋ ತೋರಿಸಿ ಮೂರು ಸಲ ತರಬೇತಿ ಕೊಟ್ಟೆ. ಏನೂ ಬದಲಾಗಲಿಲ್ಲ. ಒಬ್ಬರು ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾರೆ. ಏನು ಮಾಡಲಿ?"

ನಮಸ್ಕಾರ ಮೇಡಂ,

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಪರ ಇದ್ದೆ. ಎರಡನೇ ಸಲ ಟೀಚರ್‌ಗಳ ಪರ ಆದೆ. ಬೇಜಾರು ಮಾಡಿಕೊಳ್ಳಬೇಡಿ.

ಮಕ್ಕಳಿಗೆ ಗಂಬೂಟು ಬಂತು, ಸರಿ. ಟೀಚರ್‌ಗೆ? ಸೀರೆ ಮೊಣಕಾಲಿನವರೆಗೆ ನೆನೆದು, ಹವಾಯಿ ಚಪ್ಪಲಿ ಕೆಸರಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ಕೊಡೆ ಇನ್ನೊಂದರಲ್ಲಿ ಮಗು ಹಿಡಿದು, ಬೆರಳ ಸಂದಿಗೆ ಉಂಬಳ (ಜಿಗಣೆ) ಹತ್ತಿತಾ ಅಂತ ಬಗ್ಗಿ ಬಗ್ಗಿ ನೋಡುತ್ತಾ ನಿಂತವರಿಗೆ ಮಳೆಯ ಸೊಗಸು ಎಲ್ಲಿಂದ ಕಾಣಬೇಕು? ಒಳಗೆ ಹೋಗೋಣ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ. ಮೊದಲು ನಾಲ್ಕು ಜೊತೆ ಬೂಟು, ನಾಲ್ಕು ಒಳ್ಳೆ ರೇನ್‌ಕೋಟು ತನ್ನಿ. ಚೂಡಿದಾರ ಹಾಕಿಕೊಂಡು ಬರಬಹುದು ಅಂತ ನೀವಾಗಿಯೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಇನ್ನು ಕಾಡಿನ ಭಯದ ಮಾತು. ಅದನ್ನು ನಾನು ನಂಬುವುದಿಲ್ಲ. ಇವರೆಲ್ಲ ಅಲ್ಲೇ ಹುಟ್ಟಿ ಬೆಳೆದವರು ಅಂತ ನೀವೇ ಬರೆದಿದ್ದೀರಿ. ಒಣ ಎಲೆಯ ದರಗು ಗುಡಿಸಿ ತಂದವರು, ಬಿದಿರಿನ ಕಳಲೆ ಮುರಿದವರು, ಯಾವ ಅಣಬೆ ಪಲ್ಯಕ್ಕೆ ಆಗುತ್ತದೆ ಅಂತ ನಿದ್ದೆಗಣ್ಣಲ್ಲೂ ಹೇಳುವವರು. ಅವರಿಗಿರುವುದು ಮಾತಿನ ಭಯ. ಮಗುವಿನ ಮೊಣಕಾಲು ತರಚಿದರೆ ಸಂಜೆ ಅಪ್ಪ ಅಮ್ಮ ಬೈಯುವುದು ಯಾರನ್ನು? ಆಗ ನೀವು ಯಾರ ಪಕ್ಕ ನಿಲ್ಲುತ್ತೀರಿ? ಇದು ಗೊತ್ತಾಗುವ ತನಕ 'ಬೇಡ' ಅನ್ನುವುದೇ ಜಾಣತನ ಅಲ್ವಾ? ಪೋಷಕರನ್ನೂ ಟೀಚರ್‌ಗಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, "ಇಲ್ಲಿ ಮಕ್ಕಳು ಬೀಳ್ತಾರೆ, ತರಚಿಕೊಳ್ತಾರೆ, ದೂರು ಇದ್ರೆ ನನ್ನ ಹತ್ರ ಬನ್ನಿ" ಅಂತ ಎಲ್ಲರ ಎದುರು ಹೇಳಿ. ಮತ್ತೆ, ಮೊದಲ ದೂರು ಬಂದ ದಿನ ಮಾತು ತಪ್ಪಬೇಡಿ.

ಹಾಗಂತ ಎಲ್ಲವನ್ನೂ ಅವರ ತಲೆಗೆ ಕಟ್ಟುವುದೂ ತಪ್ಪು. ಮಳೆಗಾಲದಲ್ಲಿ ಹಳ್ಳ, ಅದನ್ನು ದಾಟುವ ಸಂಕದ ಕಡೆ ಹೋಗುವುದೇ ಬೇಡ. ಗಾಳಿ ಎದ್ದರೆ ಮರದಡಿ ನಿಲ್ಲಬಾರದು. ಡಿಸೆಂಬರ್‌ನಿಂದ ಮೇ ತನಕ ಉಣುಗಿನ (ಉಣ್ಣೆ ಹುಳದ) ಕಾಟ. ಅದು ಕಚ್ಚಿದರೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ನಿಮಗೆ ನಾನು ಹೇಳಬೇಕಾಗಿಲ್ಲ. ಆ ತಿಂಗಳುಗಳಲ್ಲಿ ದರಗಿನ ಮೇಲೆ ಕೂರುವುದು ಬಿಟ್ಟು ಗುಡಿಸಿದ ಅಂಗಳದಲ್ಲೇ ಆಟ. ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಬೆಟ್ಟ ಬಂದ್, ಆರೋಗ್ಯ ಇಲಾಖೆಗೆ ಫೋನು. ಇವೆಲ್ಲ ನಿಮ್ಮ ತೀರ್ಮಾನ, ಬರೆದು ಗೋಡೆಗೆ ಅಂಟಿಸಿ. ಉಳಿದ ಕೆಸರು, ಕಡ್ಡಿ, ಕಲ್ಲು, ಬಿದ್ದ ಮರ ಟೀಚರ್‌ಗೆ ಬಿಡಿ.

ಬಿದ್ದ ಮರ ಅಂದಾಗ ನನ್ನದೇ ಒಂದು ತಪ್ಪು ನೆನಪಾಯಿತು. ಸುಮಾರು ಇಪ್ಪತ್ತು ವರ್ಷದ ಹಿಂದೆ, ತೀರ್ಥಹಳ್ಳಿ ಹತ್ತಿರ ದಸರಾ ರಜೆಯ ಮಕ್ಕಳ ಶಿಬಿರ ನೋಡಿಕೊಳ್ಳುತ್ತಿದ್ದೆ. ಹುಡುಗನೊಬ್ಬ ಬಿದ್ದ ಮರದ ಮೇಲೆ ನಡೆಯುತ್ತಿದ್ದ, ಹೊಸ ಟೀಚರ್ "ಇಳಿಯೋ" ಎಂದು ಕೂಗಿದರು. ನಾನು ಮಕ್ಕಳ ಎದುರೇ "ಬಿಡ್ರೀ, ನಡೀಲಿ" ಅಂದೆ. ದೊಡ್ಡ ಜ್ಞಾನಿಯ ಹಾಗೆ. ಶಿಬಿರ ಮುಗಿಯುವ ತನಕ ಅವರು ಆ ಮರದ ಹತ್ತಿರ ಬರಲಿಲ್ಲ, ಮಕ್ಕಳು ಅವರ ಮಾತು ಕೇಳಲಿಲ್ಲ. ಮಾರನೇ ದಿನ ಅದೇ ಹುಡುಗ ಪಾಚಿ ಕಟ್ಟಿದ ಜಾಗಕ್ಕೆ ಬಂದು ನಿಂತುಬಿಟ್ಟ. ಅಡುಗೆಯ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೋಗಿ, ಅವನನ್ನು ಮುಟ್ಟದೆ, "ಮುಂದಿನ ಕಾಲು ಎಲ್ಲಿಡ್ತೀಯ ಮಾರಾಯ?" ಅಂದರು. ಅವನು ಕೆಳಗೆ ನೋಡಿದ. ಹೆಬ್ಬೆರಳಿಂದ ಪಾಚಿ ಕೆರೆದ. ಆಮೇಲೆ ಕೂತು, ಕುಂಡೆ ಎಳೆದುಕೊಂಡೇ ದಾಟಿದ. ಅಕ್ಕ ಅಷ್ಟೂ ಹೊತ್ತು ಒಂದು ಕೈ ದೂರದಲ್ಲೇ ಇದ್ದರು.

ನೀವು ನಿಮ್ಮ ಟೀಚರ್‌ಗಳ ಪಕ್ಕ ಆ ಅಕ್ಕನ ಹಾಗೆ ನಿಲ್ಲಬೇಕು ಮೇಡಂ. ವಾರಕ್ಕೊಂದು ಬೆಳಗ್ಗೆ ಒಬ್ಬರ ಜೊತೆ ಹೋಗಿ. ಕೈಯಲ್ಲಿ ನೋಟ್‌ಬುಕ್ ಬೇಡ, ನೀರಿನ ಚೀಲ ಹೊತ್ತುಕೊಳ್ಳಿ. ಬಾಯಿಗೆ ಬೀಗ. ಮಕ್ಕಳು ಹೋದ ಮೇಲೆ ಚಾ ಕುಡಿಯುತ್ತಾ, "ಅವನು ಕಲ್ಲು ಎತ್ತಿದಾಗ ನಿಮಗೆ ಏನನ್ನಿಸ್ತು?" ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಸಲಹೆ ಕೊಡಲೇಬೇಕಾದರೆ ದಿನಕ್ಕೆ ಒಂದು, ಜಾಸ್ತಿ ಬೇಡ.

ವಿಡಿಯೋ ಸಾಕು. ಡೆನ್ಮಾರ್ಕಿನವರು 1950ರ ದಶಕದಿಂದ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಿದ್ದಾರೆ, ಜರ್ಮನಿಯ ಫ್ಲೆನ್ಸ್‌ಬುರ್ಗ್‌ನ ಕಾಡಿನ ಶಿಶುವಿಹಾರಕ್ಕೆ 1993ರಲ್ಲಿ ಸರ್ಕಾರದ ಮಾನ್ಯತೆಯೂ ಸಿಕ್ಕಿತು, ಸಂತೋಷ. ಅವರಿಗೆ ಉಂಬಳ ಗೊತ್ತಾ? ಅದರ ಬದಲು ಶನಿವಾರಕ್ಕೊಬ್ಬ ಟೀಚರ್ ಉಳಿದವರಿಗೆ, ನಿಮಗೂ, ಬೆಟ್ಟ ತೋರಿಸಲಿ. ಕೆಲಸ ಬಿಡುತ್ತೇನೆ ಅಂದವರಿಂದಲೇ ಶುರು ಮಾಡಿ. ಅದಕ್ಕೂ ಮೊದಲು ಅವರ ಸಂಬಳ ಎಷ್ಟು ಅಂತ ಒಮ್ಮೆ ನೋಡಿಕೊಳ್ಳಿ, ಪತ್ರದಲ್ಲಿ ಆ ವಿಷಯವೇ ಇಲ್ಲ.

ಚೌತಿ ಹೊತ್ತಿಗೆ ಇನ್ನೊಂದು ಪತ್ರ ಹಾಕಿ. ನಾಲ್ಕು ಜೊತೆ ಗಂಬೂಟಿಗೆ ಎಷ್ಟಾಯ್ತು ಅಂತಲೂ ಬರೆಯಿರಿ.

ಸಂಪಾದಕ